ಹತ್ತೊಂಬತ್ತು ಪಾಯಿಂಟ್ ನಾಲ್ಕು

ತಂಪುಪೆಟ್ಟಿಗೆಯ ಮುಂದಿನ ಪುಟ್ಟ ಗಾಜಿನಲ್ಲಿ ಈಗ ಐದು ಡಿಗ್ರಿ ಕಾಣಿಸುತ್ತಿತ್ತು. ಇದು ಸುಳ್ಳಲ್ಲ ಎಂದು ನರಸಿಂಹರಾಜು ಬೆಳಗಿನಿಂದ ನಾಲ್ಕನೆಯ ಸಲ ತನಗೆ ತಾನೇ ಹೇಳಿಕೊಂಡ. ಐದು ಅಂದರೆ ಐದೇ. ಎರಡರಿಂದ ಎಂಟರ ನಡುವೆ ಇರಬೇಕು ಎಂದು ಶ್ರೀಲತಾ ಸಿಸ್ಟರ್ ಕೆಂಪು ಪೆನ್ನಿನಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದ ಚೀಟಿಗೂ ಒಳಗಿನ ತಂಪಿಗೂ ಈ ಗಳಿಗೆಯಲ್ಲಿ ಯಾವ ಜಗಳವೂ ಇರಲಿಲ್ಲ. ನಾಯಿ ಕಡಿತದ ಮದ್ದಿನ ಸೀಸೆಗಳು ನಿನ್ನೆ ಹೇಗೆ ನಿಂತಿದ್ದವೋ ಹಾಗೆಯೇ ಸಾಲಾಗಿ ನಿಂತಿದ್ದವು. ಮದ್ದು ಕೆಟ್ಟರೆ ಹಾಲಿನ ಹಾಗೆ ಒಡೆಯುವುದಿಲ್ಲ, ಅನ್ನದ ಹಾಗೆ ಹಳಸಿ ನಾರುವುದಿಲ್ಲ. ನೋಡುವವನ ಕಣ್ಣಿಗೆ ಏನನ್ನೂ ಬಿಟ್ಟುಕೊಡದೆ ಸುಮ್ಮನೆ ಕೂತಿರುತ್ತದೆ. ನಿನ್ನೆ ಮಧ್ಯಾಹ್ನ ಮದಲೂರಿನಲ್ಲಿ ಇದೇ ಗಾಜು ಹತ್ತೊಂಬತ್ತು ಪಾಯಿಂಟ್ ನಾಲ್ಕು ತೋರಿಸಿತ್ತು. ಬೆಳಿಗ್ಗೆ ಯಾವಾಗಲೋ ಆರಿಹೋದ ಪೆಟ್ಟಿಗೆ ನಾಲ್ಕೈದು ಗಂಟೆ ಸತ್ತು ಬಿದ್ದಿತ್ತು. ಅತಿ ಹೆಚ್ಚಿನ ಬಿಸಿ ಎಷ್ಟಕ್ಕೆ ಏರಿತ್ತು ಎನ್ನುವುದನ್ನು ಆ ಮೀಟರು, ಯಾರಾದರೂ ಪಕ್ಕದ ಬಟನ್ ಒತ್ತಿ ಅಳಿಸುವವರೆಗೂ, ನೆನಪಿಟ್ಟುಕೊಂಡಿರುತ್ತದೆ. ಅವನು ಒತ್ತಿದ್ದ. ಎಂಜಿನ್ ಚಾಲೂ ಮಾಡಿ, ಪೆಟ್ಟಿಗೆ ಮತ್ತೆ ಗುಂಯ್ ಎಂದು ಆರಕ್ಕೆ ಇಳಿಯುವವರೆಗೆ ಕಾದು, ಸಿಸ್ಟರ್ ಅಂಗನವಾಡಿಯಿಂದ ಬರುವುದರೊಳಗೆ ಹೆಬ್ಬೆರಳನ್ನು ಇಟ್ಟು ಒತ್ತಿದ್ದ. ಅಷ್ಟು ಸಣ್ಣ ಬಟನ್. ಒತ್ತಿದ್ದಕ್ಕೆ ಸದ್ದು ಸಹ ಆಗಿರಲಿಲ್ಲ.

ಹದಿನೇಳು ವರ್ಷದ ಹಳೆಯ ಮಿನಿ ಬಸ್ಸು ಅದು. ಮಧುಗಿರಿಯ ಒಂದು ಟ್ರಸ್ಟು ಅದರ ಸೀಟುಗಳನ್ನು ಕಿತ್ತು, ಮಲಗಲು ಒಂದು ಹಲಗೆ, ಪರೀಕ್ಷೆಗೆ ಒಂದು ಮೇಜು, ಗೋಡೆಗೊಂದು ಫ್ಯಾನು, ಮೂಲೆಗೆ ತಂಪುಪೆಟ್ಟಿಗೆ ಇಟ್ಟು ಸಂಚಾರಿ ಆಸ್ಪತ್ರೆ ಎಂದು ಹೆಸರು ಬರೆಸಿತ್ತು. ಶ್ರೀಲತಾ ಬೆಳಿಗ್ಗೆ ಸರ್ಕಾರಿ ಬಸ್ಸಿನಲ್ಲಿ ಬಂದು ಸಂಜೆ ಸರ್ಕಾರಿ ಬಸ್ಸಿನಲ್ಲಿ ಹೋಗುತ್ತಿದ್ದಳು. ಅವನು ಮಾತ್ರ ವಾರಕ್ಕೆ ಆರು ದಿನ ಅದರಲ್ಲೇ ಉಂಡು ಅದರಲ್ಲೇ ಮಲಗುತ್ತಿದ್ದ. ಡ್ರೈವರ್ ಅವನೇ, ಐಟಿಐ ಓದಿದ ಎಲೆಕ್ಟ್ರಿಷಿಯನ್ನೂ ಅವನೇ. ಹಳೆಯ ಆ್ಯಸಿಡ್ ಬ್ಯಾಟರಿಗಳು ಇದ್ದಾಗ ಹದಿನೈದು ದಿನಕ್ಕೊಮ್ಮೆ ಮುಚ್ಚಳ ಬಿಚ್ಚಿ ನೀರು ಹುಯ್ಯುತ್ತಿದ್ದ. ಅವು ಸಾಯುವಾಗ ಹೇಳಿ ಸಾಯುತ್ತಿದ್ದವು: ದೀಪ ಮಂಕಾಗುತ್ತಿತ್ತು, ಫ್ಯಾನು ಮುದುಕನಂತೆ ತಿರುಗುತ್ತಿತ್ತು, ಮನುಷ್ಯನಿಗೆ ಎದ್ದು ಏನಾದರೂ ಮಾಡಲು ಒಂದರ್ಧ ದಿನ ಸಿಗುತ್ತಿತ್ತು. ಜೂನ್‌ನಲ್ಲಿ ಹೊಸ ಲಿಥಿಯಂ ಬ್ಯಾಟರಿ ಬಂತು, ಬಸ್ಸಿನ ಮಾಡಿಗೆ ಎರಡು ಸೋಲಾರ್ ಹಲಗೆ ಬಂದವು. ತುಮಕೂರಿನಿಂದ ಯಾರನ್ನಾದರೂ ಕರೆಸೋಣ ಎಂದಿದ್ದರು ಮ್ಯಾನೇಜರ್ ಪ್ರಸನ್ನಕುಮಾರ್. ಟೇಬಲ್ಲಿನ ಸುತ್ತ ಕೂತಿದ್ದ ಟ್ರಸ್ಟಿನ ಐವರೂ ಹೌದೆಂದು ತಲೆ ಆಡಿಸುತ್ತಿದ್ದಾಗ, ಬಾಗಿಲ ಬಳಿ ನಿಂತಿದ್ದ ಅವನು, ನಾನೇ ಮಾಡ್ತೀನಿ ಸಾರ್, ಎಂದುಬಿಟ್ಟಿದ್ದ. ಐವರೂ ತಿರುಗಿ ನೋಡಿದ್ದರು. ಮಾಡಿದ. ಒಂದು ವೈರೂ ಸಡಿಲವಿಲ್ಲದ ಹಾಗೆ, ಪ್ರತಿ ತುದಿಗೂ ಹೆಸರಿನ ಪಟ್ಟಿ ಸುತ್ತಿ, ಯಾರು ಬೇಕಾದರೂ ಬಂದು ನೋಡಲಿ ಎನ್ನುವ ಹಾಗೆ ಮಾಡಿದ. ಲೆಕ್ಕವನ್ನೂ ಹಾಕಿದ್ದ: ಹಳೆಯ ಎಂಜಿನ್ನಿನ ಡೈನಮೋ ಬಿಸಿಯಾಗಿ ಸುಟ್ಟುಹೋಗದಂತೆ ಅದರಿಂದ ಸ್ವಲ್ಪವೇ ಎಳೆಯಬೇಕು, ಆಷಾಢದ ಮೋಡದಲ್ಲಿ ಸೋಲಾರ್ ಅರ್ಧ ಹೊಟ್ಟೆಯನ್ನಷ್ಟೇ ತುಂಬೀತು, ಆದ್ದರಿಂದ ಎರಡು ದಿನಕ್ಕೊಮ್ಮೆ ಯಾವುದಾದರೂ ಮನೆಯಿಂದ, ಅಂಗಡಿಯಿಂದ ವೈರು ಎಳೆದು ನಾಲ್ಕು ಗಂಟೆ ಚಾರ್ಜಿಗೆ ಹಾಕಲೇಬೇಕು. ಈ ಹೊಸ ಬ್ಯಾಟರಿ ಮಂಕಾಗುವುದಿಲ್ಲ. ಕೊನೆಯ ಹನಿಯವರೆಗೂ ನಗುನಗುತ್ತಾ ಕೊಟ್ಟು, ತನ್ನನ್ನು ಉಳಿಸಿಕೊಳ್ಳಲು ಒಂದೇ ಏಟಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಕೆಡಿಸಿದ್ದರೆ ಇಷ್ಟು ಹೊತ್ತಿಗೆ ಅವನು ಹೇಳಿಬಿಟ್ಟಿರುತ್ತಿದ್ದ.

ಇವತ್ತು ಗುಂಡಗಲ್ಲಹಳ್ಳಿಯ ಕಾಲೊನಿಯ ಮುಂದೆ, ಹುಣಸೆ ಮರ ಬಿಟ್ಟು ಹತ್ತು ಮಾರು ಆಚೆ, ಆಕಾಶ ಕಾಣುವ ಜಾಗದಲ್ಲಿ ಬಸ್ಸು ನಿಲ್ಲಿಸಿದ್ದ. ಆಕಾಶ ಪೂರ್ತಿ ಬೂದಿ ಬಳಿದಂತಿತ್ತು. ಗಾಳಿ ಮೋಡವನ್ನು ದಬ್ಬುತ್ತಿತ್ತೇ ಹೊರತು ಚದುರಿಸುತ್ತಿರಲಿಲ್ಲ. ಬ್ಯಾಟರಿಯಲ್ಲಿ ನೂರಕ್ಕೆ ಇಪ್ಪತ್ತೆರಡು ಇದೆ ಎಂದು ಫೋನು ತೋರಿಸುತ್ತಿತ್ತು. ಫ್ಯಾನು ಆರಿಸಿದ. ಎರಡು ನಿಮಿಷ ಬಿಟ್ಟು ನೋಡಿದ. ಇಪ್ಪತ್ತೆರಡು. ಒಳಗಿನ ದೀಪ ಆರಿಸಿದ. ಇಪ್ಪತ್ತೊಂದು. ಯಾಕಣ್ಣ ಫ್ಯಾನ್ ಆಫ್ ಮಾಡಿದ್ರಿ, ಎಂದು ಶ್ರೀಲತಾ ರಿಜಿಸ್ಟರಿನಿಂದ ತಲೆ ಎತ್ತದೆಯೇ ಕೇಳಿದಳು. ಗಾಳಿ ಬರ್ತೈತಲ್ಲ ಸಿಸ್ಟರ್, ಎಂದ. ಅವಳು ಎದ್ದು, ದಿನದ ಅಭ್ಯಾಸದಂತೆ, ಪೆಟ್ಟಿಗೆಯ ಮುಂದೆ ಬಗ್ಗಿ ಗಾಜನ್ನು ನೋಡಿ, ಅತಿ ಹೆಚ್ಚು ಆರು, ಈಗ ಐದು, ಎಂದು ಗಟ್ಟಿಯಾಗಿ ಓದಿ ಬರೆದುಕೊಂಡಳು. ಎಷ್ಟು ನಂಬಿಕೆಯಿಂದ ಬರೆಯುತ್ತಾಳೆ. ಈಗ ಹೇಳಬೇಕು. ಈಗ ಹೇಳಿದರೆ ಅವಳೊಬ್ಬಳಿಗೆ ಮಾತ್ರ ಗೊತ್ತಾಗುತ್ತದೆ. ಸಿಸ್ಟರ್, ಎಂದ. ಏನಣ್ಣ, ಎಂದಳು. ಟೀ ತರ್ಲಾ, ಎಂದ.

ಇದೆಲ್ಲ ಶುರುವಾದದ್ದು ಜುಲೈ ಏಳು, ಸೋಮವಾರ. ಇದೇ ಊರಿನ ಮೇಲಿನ ಬೀದಿ, ಶಂಕರಲಿಂಗಪ್ಪನವರ ಮನೆ. ವರ್ಷಗಳಿಂದ ಬಸ್ಸಿಗೆ ಕರೆಂಟು ಕೊಡುತ್ತಿದ್ದ ಮನೆ ಅದು. ಒಳ್ಳೆಯ ಜನ ಎಂದು ಟ್ರಸ್ಟಿನ ವರದಿಯಲ್ಲಿ ಅವರ ಫೋಟೊ ಹಾಕಿಸಿದ್ದರು. ಪದ್ಧತಿ ಹೀಗಿತ್ತು: ಅವನು ವೈರಿನ ಸುರುಳಿ ಬಿಚ್ಚುತ್ತಾ ಬಂದು ಪ್ಲಗ್ಗನ್ನು ಜಗಲಿಯ ಅಂಚಿನಲ್ಲಿ ಇಟ್ಟು ಹಿಂದೆ ಸರಿಯಬೇಕು, ಮನೆಯಾಕೆ ಚನ್ನಮಲ್ಲಮ್ಮ ಬಂದು ಎತ್ತಿಕೊಂಡು ಹೋಗಿ ಒಳಗೆ ಹಾಕುತ್ತಾರೆ. ಯಾರೂ ಇದನ್ನು ಅವನಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಹಿಂದಿನ ಡ್ರೈವರ್ ಹಾಗೆ ಮಾಡುತ್ತಿದ್ದ, ಇವನೂ ಹಾಗೆ ಮಾಡಿದ. ಅವತ್ತು ಮಾತ್ರ ಪ್ಲಗ್ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಚಟ್ ಎಂದು ಸದ್ದಾಗಿ, ಮನೆಯ ಫ್ಯೂಸು ಹೋಗಿ, ಬಸ್ಸಿನಲ್ಲಿ ಹೊಸ ಚಾರ್ಜರ್ ಆರಿತು. ಓಡಿ ಬಂದ. ಅಮ್ಮಾ, ಬೋರ್ಡ್ ನೋಡ್ಬೇಕು, ಎಂದು ಮೆಟ್ಟಿಲ ಮೇಲೆ ಕಾಲಿಟ್ಟ. ಆಕೆಗೆ ಸಿಟ್ಟೇನೂ ಬಂದಿರಲಿಲ್ಲ, ಅದೇ ಇವತ್ತಿಗೂ ಚುಚ್ಚುವುದು. ಬಹಳ ಮೆತ್ತಗೆ, ಮಗುವಿಗೆ ಹೇಳುವ ಹಾಗೆ, ಅಲ್ಲೇ ಇರಪ್ಪ ರಾಜು, ನೀನು ಅಲ್ಲಿಂದ್ಲೇ ಹೇಳು, ನಮ್ಮ ಬಸವೇಶ ಮಾಡ್ತಾನೆ, ಎಂದರು. ಎಂಜಿನಿಯರಿಂಗ್ ಓದಿ ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಗ ಬಸವೇಶ್ ಸ್ಕ್ರೂಡ್ರೈವರ್ ಹಿಡಿದು ಒಳಗೆ ನಿಂತ. ಇವನು ಬಿಸಿಲಲ್ಲಿ ನಿಂತು, ಕಣ್ಣಿಗೆ ಕಾಣದ ಗೋಡೆಯೊಂದರ ಮೇಲಿನ ಕಾಣದ ಬೋರ್ಡಿಗೆ, ಎಡಕ್ಕೆ ತಿರುಗಿಸಿ ಸಾರ್, ಕೆಂಪು ಮುಟ್ಟಬೇಡಿ ಸಾರ್, ಎಂದು ಅರ್ಧ ಗಂಟೆ ಕೂಗಿದ. ಕೊನೆಗೆ ಪ್ಲಗ್ ಹೊರಗೆ ಬಂತು. ಕೈಗೆತ್ತಿಕೊಂಡರೆ ಒದ್ದೆ. ಪ್ಲಗ್ ಅಷ್ಟೇ ಅಲ್ಲ. ಹೊಸ್ತಿಲಿನಿಂದ ಬೋರ್ಡಿನವರೆಗೆ ಒಳಗೆ ಎಷ್ಟು ಉದ್ದ ಬಿದ್ದಿತ್ತೋ ಅಷ್ಟು ಉದ್ದದ ವೈರು ಒದ್ದೆ. ಹೊರಗಿನಿಂದ ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗೆ ತೆಗೆದುಕೊಂಡಿದ್ದರು. ಪ್ರತಿ ಸಲವೂ ಒರೆಸುತ್ತಿದ್ದರೇನೋ. ಅವತ್ತು ಪ್ಲಗ್ಗಿನ ಸೀಳಿನೊಳಕ್ಕೆ ನೀರು ಇಳಿದಿತ್ತು. ಅವನಿಗೆ ಮೊದಲು ಬಂದ ಯೋಚನೆ ಎಲೆಕ್ಟ್ರಿಷಿಯನ್ನನದು: ಈಯಮ್ಮ ಸತ್ತುಹೋಗುತ್ತಿದ್ದಳಲ್ಲ. ಎರಡನೆಯ ಯೋಚನೆ ಬರಲು ವೈರು ಸುತ್ತಿಕೊಂಡು ಬಸ್ಸಿನವರೆಗೆ ನಡೆಯಬೇಕಾಯಿತು. ಈ ಊರಿಗೆ ಮೊದಲ ಕಂಬ ಬಂದಾಗ ಅದಕ್ಕೆ ಗುಂಡಿ ತೋಡಿದವನು ಅವನ ಅಪ್ಪ ದೊಡ್ಡಹನುಮಯ್ಯ. ಕಲ್ಲುಭೂಮಿಯಲ್ಲಿ ಹಾರೆ ಕುಟ್ಟಿ ಕುಟ್ಟಿ ಕೈಯ ರೇಖೆಗಳೇ ಅಳಿಸಿಹೋಗಿದ್ದವು. ಆ ಕಂಬದಿಂದ ಇಳಿದ ಕರೆಂಟು ಗೋಡೆಯೊಳಗೆ ಮೂವತ್ತು ವರ್ಷದಿಂದ ಇತ್ತು. ಅದನ್ನು ಯಾರೂ ಒರೆಸಿರಲಿಲ್ಲ.

ಆಮೇಲೆ ಅವನು ಕೇಳುವುದನ್ನೇ ಬಿಟ್ಟ. ಆ ಮನೆಯಲ್ಲಿ ಮಾತ್ರವಲ್ಲ, ಎಲ್ಲಿಯೂ. ಕಳ್ಳಂಬೆಳ್ಳದ ಪಂಕ್ಚರ್ ಅಂಗಡಿಯ ಮುದುಕ ತಾನಾಗಿ ಬಂದು, ಅರೆ ಭಾಯ್, ವೈರ್ ತಗೊಂಡ್ ಬಾ, ಮುಫತ್ತಾಗೇ ಹಾಕ್ಕೋ, ನಂದೇನ್ ಹೋಯ್ತದೆ, ಎಂದರೆ, ಬೇಡ ಸಾಬ್ರೇ, ಸೋಲಾರ್ ಐತೆ, ಎಂದಿದ್ದ. ಮದಲೂರಿನ ಶಾಲೆಯ ಹೆಡ್‌ಮಾಸ್ಟರಿಗೂ ಅದನ್ನೇ ಹೇಳಿದ್ದ. ಕೇಳಬೇಕಾದ ಅಗತ್ಯವಿಲ್ಲದವನಂತೆ ಬದುಕುವುದರಲ್ಲಿ ಏನೋ ಒಂದು ಸುಖವಿತ್ತು. ಮಾಡಿನ ಮೇಲಿನ ಹಲಗೆಗಳಿಗೆ ಸೂರ್ಯ ನೇರವಾಗಿ ಕೊಡುತ್ತಿದ್ದ, ಮಧ್ಯೆ ಯಾರ ಹೊಸ್ತಿಲೂ ಇರಲಿಲ್ಲ. ಸೂರ್ಯ ಇಲ್ಲದ ದಿನ, ಎಂಜಿನ್ನಿನಿಂದಾದರೂ ಬ್ಯಾಟರಿ ತುಂಬಲಿ ಎಂದು, ಬೇಕಿಲ್ಲದಿದ್ದರೂ ಸಿರಾ ರಸ್ತೆಯಲ್ಲಿ ಸುತ್ತಿ ಬರುತ್ತಿದ್ದ. ಸಾಕಾಗುತ್ತಿಲ್ಲ ಎಂದು ತಿಳಿಯುತ್ತಿತ್ತು. ತಿಳಿದೂ ಬೆಳಗಿನ ಜಾವ ಪೆಟ್ಟಿಗೆಯ ಗುಂಯ್ ನಿಂತಾಗ, ಎದ್ದು ನೋಡದೆ, ಕಂಬಳಿಯೊಳಗೆ ಕಣ್ಣು ಬಿಟ್ಟುಕೊಂಡು, ಇನ್ನೇನು ಶುರುವಾಗುತ್ತದೆ ಎಂದು ಕಾಯುತ್ತಾ ಮಲಗಿದ್ದ ದಿನಗಳಿದ್ದವು. ಎಷ್ಟು ದಿನ? ಆ ಪ್ರಶ್ನೆ ಬಂದಾಗಲೆಲ್ಲ ಅವನ ಮನಸ್ಸು ನಿನ್ನೆ ಎಂಬ ಒಂದೇ ದಿನವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು.

ಪಟಾಲಮ್ಮ ಮೊಮ್ಮಗಳ ಕೈ ಹಿಡಿದು ಬರುವುದು ದೂರದಿಂದಲೇ ಕಂಡಿತು. ಅನುಷಾಗೆ ಏಳು ವರ್ಷ. ಹೋದ ಬುಧವಾರ ಬೀದಿನಾಯಿ ಮೊಣಕೈ ಕೆಳಗೆ ಕಚ್ಚಿ ಮಾಂಸ ಕಿತ್ತಿತ್ತು. ಮೊದಲ ಸೂಜಿಯನ್ನೂ ಗಾಯದ ಸುತ್ತ ಕೊಡುವ ಸೂಜಿಯನ್ನೂ ಮಧುಗಿರಿಯ ದೊಡ್ಡಾಸ್ಪತ್ರೆಯಲ್ಲಿ ಹಾಕಿ, ಉಳಿದದ್ದು ನಿಮ್ಮೂರಿಗೆ ಬರೋ ಬಸ್ಸಲ್ಲೇ ಹಾಕಿಸ್ಕೊಳ್ಳಿ ಎಂದು ಕಳಿಸಿದ್ದರು. ಇವತ್ತು ಮೂರನೆಯದು. ಆ ನಾಯಿ ಎರಡು ದಿನದ ಮೇಲೆ ಕೆರೆ ಏರಿಯ ಹತ್ತಿರ ನೊರೆ ಕಾರಿ ಸತ್ತಿತ್ತು ಎಂದು ಊರೆಲ್ಲ ಹೇಳುತ್ತಿತ್ತು. ಹುಡುಗಿ ಹೆದರದೆ ಮೆಟ್ಟಿಲು ಹತ್ತಿ, ಮೇಜಿನ ಮೇಲೆ ತಾನೇ ಏರಿ ಕೂತು ಅಂಗಿಯ ತೋಳು ಮಡಿಸಿಕೊಂಡಿತು. 'ಮಾವ, ಆ ಬಾಟ್ಲಿ ಕೊಡು, ಕೆನ್ನೆಗಿಟ್ಕಂತೀನಿ. ಅವತ್ತು ಕೊಟ್ಟಿದ್ಯಲ್ಲ, ತಣ್ಣಗೆ.'

'ಅಯ್ಯೋ ಇವ್ಳಿಗೆ ಸೂಜಿ ಅಂದ್ರೆ ಜಾತ್ರೆ ಆದಂಗಾಗೈತೆ,' ಎಂದು ಪಟಾಲಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದಳು. 'ಬ್ಯಾರೆ ಕಡೆ ಆಗಿದ್ರೆ ಊರು ಒಂದು ಮಾಡೋಳು. ನಮ್ಮ ರಾಜನ ಬಸ್ಸು ಅಂದ್ರೆ ಓಡ್ ಬತ್ತಾಳೆ. ನಮ್ಮೋನು ಒಬ್ಬ ಇದ್ರೆ ಎಷ್ಟು ಧೈರ್ಯ ನೋಡವ್ವ ಸಿಸ್ಟ್ರಮ್ಮ.'

ನಮ್ಮೋನು. ಅಷ್ಟರಲ್ಲಿ ಬೈಕೊಂದು ಬಂದು ನಿಂತಿತು. ಬಸವೇಶ್. ಕಾಲು ನೆಲಕ್ಕೆ ಊರಿ, ಎಂಜಿನ್ ಆರಿಸದೆ, ಮಾಡಿನ ಮೇಲಿನ ಹಲಗೆಗಳನ್ನು ನೋಡಿದ. 'ಏನ್ ರಾಜು, ಹೊಸಾ ಬ್ಯಾಟ್ರಿ ಹೆಂಗೈತೆ? ಈಗ ನಮ್ಮನೆ ಕರೆಂಟೇ ಬೇಡ ಬುಡು ನಿಂಗೆ. ಸೂರ್ಯನ್ನೇ ಹಿಡ್ಕಂಡ್ಬುಟ್ಟಿದ್ದೀಯ.' ಅದರಲ್ಲಿ ಕೆಡುಕೇನೂ ಇರಲಿಲ್ಲ, ತಮಾಷೆಯಷ್ಟೇ. ನಗಬೇಕಾದ ಜಾಗ ಇದು ಎಂದು ನರಸಿಂಹರಾಜುವಿನ ಮುಖಕ್ಕೆ ಗೊತ್ತಿತ್ತು, ಅದು ನಕ್ಕಿತು. 'ಚೆನ್ನಾಗೈತೆ ಸಾರ್,' ಎಂದಿತು ಬಾಯಿ. ಹಿಂದೆ ಪೆಟ್ಟಿಗೆಯ ಬಾಗಿಲು ತೆರೆದ ಸದ್ದಾಯಿತು. ಸೀಸೆಯ ಮುಚ್ಚಳ ಚಿಮ್ಮಿದ ಸದ್ದು. ಶ್ರೀಲತಾ ಸೀಸೆಯನ್ನು ಬೆಳಕಿಗೆ ಹಿಡಿದು ಸಿರಿಂಜಿಗೆ ಮದ್ದು ಎಳೆಯುತ್ತಿದ್ದಳು. ಈಗ ಹೇಳಿದರೆ ಬಸವೇಶ್ ಕೇಳಿಸಿಕೊಳ್ಳುತ್ತಾನೆ. ಸಂಜೆಯೊಳಗೆ ಮೇಲಿನ ಬೀದಿಗೆಲ್ಲ ಗೊತ್ತಾಗುತ್ತದೆ: ಅವರ ಕೈಗೆ ಕೊಟ್ಟರೆ ಹಿಂಗೇ. ಟೇಬಲ್ಲಿನ ಸುತ್ತ ಕೂತ ಐವರು ಮತ್ತೊಮ್ಮೆ ತಲೆ ಆಡಿಸುತ್ತಾರೆ. ಬಸವೇಶ್ ಹೋಗಲಿ, ಆಮೇಲೆ. ಹೋಗಲಿ. ಅವನು ಹೋಗಲಿಲ್ಲ; ಜೇಬಿನಿಂದ ಫೋನು ತೆಗೆದು ನೋಡುತ್ತಾ ನಿಂತ. ಸ್ಪಿರಿಟ್ಟಿನ ವಾಸನೆ ಬಂತು. ಹುಡುಗಿ ಕಣ್ಣು ಮುಚ್ಚದೆ ತನ್ನ ತೋಳನ್ನೇ ನೋಡುತ್ತಿತ್ತು.

'ಸಿಸ್ಟರ್, ಅದು ಬೇಡ.'

'ಯಾಕಣ್ಣ?'

'ಕೆಟ್ಟೋಗಿರ್ಬೋದು.' ಮತ್ತೆ ಹೇಳಿದ, ಈ ಸಲ ಬೇಕಾದದ್ದಕ್ಕಿಂತ ಗಟ್ಟಿಯಾಗಿ. 'ನಿನ್ನೆ ಮದಲೂರಲ್ಲಿ ಪೆಟ್ಟಿಗೆ ಆಫ್ ಆಗಿತ್ತು. ಹತ್ತೊಂಬತ್ತು ಡಿಗ್ರಿಗೆ ಹೋಗಿತ್ತು. ನಾನೇ ಬಟನ್ ಒತ್ತಿ ಅಳಿಸ್ದೆ.'

ಶ್ರೀಲತಾಳ ಕೈ ಹುಡುಗಿಯ ತೋಳಿನಿಂದ ಒಂದು ಬೆರಳಿನ ದೂರದಲ್ಲಿ ನಿಂತುಬಿಟ್ಟಿತು. ಬೈಕಿನ ಎಂಜಿನ್ ಆರಿತು. ಪಟಾಲಮ್ಮ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ನೋಡಿದಳು. 'ಏನಂತಾನವ್ವ ಇವ್ನು?' ಶ್ರೀಲತಾ ಸಿರಿಂಜನ್ನು ತಟ್ಟೆಯಲ್ಲಿಟ್ಟು, ಕೈಯ ಗ್ಲೋವ್ಸ್ ಬಿಚ್ಚಿದಳು. 'ಬೆಳಿಗ್ಗೆ ನಾನು ಬರ್ಕೊಳ್ಳುವಾಗ ನೀವು ಪಕ್ಕದಲ್ಲೇ ಇದ್ರಿ, ರಾಜಣ್ಣ,' ಎಂದಳು. ಬಸವೇಶ್ ನಿಧಾನವಾಗಿ ಬಂದು ಬಾಗಿಲಲ್ಲಿ ಇಣುಕಿ, 'ನಮ್ಮನೇಗೆ ಬಂದು ಒಂದ್ ಮಾತು ಕೇಳಿದ್ರೆ ಕರೆಂಟ್ ಕೊಡ್ತಿರ್ಲಿಲ್ವೇನೋ?' ಎಂದ. ನಿಜವಾಗಿಯೂ ಅರ್ಥವಾಗದವನ ಮುಖ ಅದು.

ಮಧುಗಿರಿಗೆ ಹದಿನಾಲ್ಕು ಕಿಲೋಮೀಟರು. ಹುಡುಗಿಯನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಬಸ್ಸು ಹೊರಟಿತು. ಏಕಶಿಲೆಯ ಬೆಟ್ಟ ಮೋಡದಲ್ಲಿ ಸೊಂಟದವರೆಗೆ ಮುಳುಗಿ ಎದುರಿಗೆ ಬರುತ್ತಿತ್ತು. ಎಂಜಿನ್ ಓಡುತ್ತಿದ್ದುದರಿಂದ ಬ್ಯಾಟರಿ ಇಪ್ಪತ್ಮೂರಕ್ಕೆ ಏರಿತು. ಅವನು ಅದನ್ನು ನೋಡಿದ್ದಕ್ಕೆ ತನ್ನ ಬಗ್ಗೆಯೇ ಹೇಸಿಕೊಂಡ. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಆಶಾರಾಣಿ ಎಲ್ಲವನ್ನೂ ಕೇಳಿ, ಬೈಯಲಿಲ್ಲ. 'ಕೆಟ್ಟಿರಬಹುದು, ಕೆಡದೇನೂ ಇರಬಹುದು. ಗೊತ್ತಿಲ್ಲದ್ದನ್ನ ಮಗುವಿಗೆ ಹಾಕೋಕಾಗಲ್ಲ,' ಎಂದು, ಅಲ್ಲಿಯ ಮದ್ದು ಹಾಕಿಸಿದರು. ಅನುಷಾ ಈ ಸಲ ಅತ್ತಳು. ಹೊರಗಿನ ಬೆಂಚಿನ ಮೇಲೆ ಕೂತವನ ಫೋನಿಗೆ ಪ್ರಸನ್ನಕುಮಾರ್ ಬಂದರು. ಕೂಗುತ್ತಾರೆ ಎಂದುಕೊಂಡಿದ್ದ, ಅವರ ದನಿ ಬೆಣ್ಣೆಯಂತಿತ್ತು. 'ನೋಡಿ ರಾಜು, ಬಸವೇಶ್ ಫೋನ್ ಮಾಡಿ ಎಲ್ಲಾ ಹೇಳಿದ್ರು. ಆಗಿದ್ದಾಯ್ತು. ಟೆಕ್ನಿಕಲ್ ಫಾಲ್ಟ್ ಅಂತ ಬರ್ಕೊಡಿ. ಬ್ಯಾಟರಿ ಏಕಾಏಕಿ ಆಫ್ ಆಯ್ತು ಅಂತ. ನಿಮಗೂ ತೊಂದ್ರೆ ಇಲ್ಲ, ಟ್ರಸ್ಟಿಗೂ ಇಲ್ಲ. ಆ ಬಟನ್ನು, ಆ ಮನೆ ವಿಷ್ಯ, ಅದೆಲ್ಲ ಯಾಕೆ? ಶಂಕರಲಿಂಗಪ್ಪನೋರು ನಮಗೆ ಬೇಕಾದೋರು.'

ಶ್ರೀಲತಾ ಕೊಟ್ಟ ಬಿಳಿ ಹಾಳೆ ತೊಡೆಯ ಮೇಲಿತ್ತು. ಎಷ್ಟು ಸುಲಭ. ಬ್ಯಾಟರಿಗೆ ಬಾಯಿಲ್ಲ. ಆದರೆ ಅದು ತಾನು ಮಾಡಬೇಕಾದ್ದನ್ನು ಮಾಡಿತ್ತು. ಅವನು ಜೋಡಿಸಿದ ಒಂದು ವೈರೂ ತಪ್ಪಾಗಿರಲಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ಚೊಕ್ಕವಾಗಿ ಮಾಡಿದ ಒಂದು ಕೆಲಸದ ಮೇಲೆ ತಾನೇ ಸುಳ್ಳು ಹೇಳಬೇಕು. ಒಂದು ಒದ್ದೆ ಬಟ್ಟೆಯ ಮಾನ ಉಳಿಸಲು. ಪಕ್ಕದಲ್ಲಿ ಪಟಾಲಮ್ಮ, ಅತ್ತು ಸುಸ್ತಾದ ಹುಡುಗಿಯ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವನು ಅವಳ ಕಡೆ ತಿರುಗದೆ, ಎದುರಿನ ಗೋಡೆಗೆ ಹೇಳಿದ ಹಾಗೆ, ಜಗಲಿಯನ್ನೂ ವೈರನ್ನೂ ನೀರನ್ನೂ ಹೇಳಿದ.

'ಅಷ್ಟಕ್ಕೆ ಕೇಳೋದ್ ಬುಟ್ಯಾ?' ಎಂದಳು. 'ಲೇ, ನಾನು ಆ ಮನೆ ಹಿತ್ಲಾಗೆ ನಲವತ್ತು ವರ್ಷ ಸೆರಗೊಡ್ಡಿ ನಿಂತೋಳು ಕಣ್ಲಾ. ನಿಂಗೆ ಉರಿತು, ಸರಿ. ಉರೀಬೇಕು. ಉರಿದ್ರೆ ಅಲ್ಲೇ ಬೀದೀಲಿ ನಿಂತು ಕೇಳ್ಬೇಕಿತ್ತು, ಯಾಕ್ರವ್ವ ಒರೆಸ್ದ್ರಿ ಅಂತ. ನಮ್ಮ ಕಾಲೊನಿಗೆ ಬಂದು ಹೇಳ್ಬೇಕಿತ್ತು, ಎಲ್ರೂ ಹೋಗಿ ಕೇಳ್ತಿದ್ವಿ. ಅವ್ರ ಮುಂದೂ ಬಾಯ್ ಮುಚ್ಕಂಡೆ, ನಮ್ಮ ಮುಂದೂ ಬಾಯ್ ಮುಚ್ಕಂಡೆ. ಇವ್ಳ ಮೈಗೆ ಹಾಕೋಕ್ ಹೊಂಟಿದ್ದು ಅದನ್ನೇ.' ಅವಳ ದನಿ ಏರಲಿಲ್ಲ. ಹುಡುಗಿಯ ಕೂದಲಲ್ಲಿ ಬೆರಳಾಡಿಸುತ್ತಲೇ, 'ಈಗ್ಲಾದ್ರೂ ಬರಿ. ಓದೋಕೆ ಬರೋರು ಓದ್ಕಳ್ಲಿ,' ಎಂದಳು.

ಬರೆದ. ಬ್ಯಾಟರಿಯ ತಪ್ಪಿಲ್ಲ ಎಂಬಲ್ಲಿಂದ ಶುರು ಮಾಡಿದ. ಒದ್ದೆ ವೈರು, ಹೊರಗೆ ನಿಂತು ಕೂಗಿದ ಅರ್ಧ ಗಂಟೆ, ಬೇಡವೆಂದ ಅಂಗಡಿ, ಒತ್ತಿದ ಬಟನ್, ಒಂದನ್ನೂ ಬಿಡಲಿಲ್ಲ. ಡಾಕ್ಟರ್ ಒಳಗೆ ಕರೆದು, ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಹಾಕಿಕೊಂಡರು. 'ಇದನ್ನ ನಾನು ಮೇಲೆ ಕಳಿಸ್ತೀನಿ. ಇನ್ನೊಂದು ಹೇಳಿ. ಈ ಮಗುಗೆ ಎರಡನೇ ಸೂಜಿ ಎಲ್ಲಿ ಹಾಕಿದ್ದು?'

'ನಮ್ಮ ಬಸ್ಸಲ್ಲೇ ಮೇಡಂ. ಶನಿವಾರ.'

'ಶನಿವಾರ ಪೆಟ್ಟಿಗೆ ಸರಿಯಾಗಿತ್ತಾ?'

ಶನಿವಾರ. ಕಂಬಳಿಯೊಳಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದು ಶನಿವಾರವೇ? ಶುಕ್ರವಾರವೇ? ನಿನ್ನೆ ಎಂಬ ಒಂದು ದಿನದ ಮೇಲೆ ಅವನು ಕಟ್ಟಿಕೊಂಡಿದ್ದ ಗೋಡೆ ಸದ್ದಿಲ್ಲದೆ ಕುಸಿಯಿತು. ಅದರ ಹಿಂದೆ ದಿನಗಳು ಒಂದರ ಹಿಂದೊಂದು ನಿಂತಿದ್ದವು. ಗೊತ್ತಿಲ್ಲ ಎಂದ. ಹಾಗಾದ್ರೆ ಯಾವತ್ತಿನಿಂದ ನಂಬೋ ಹಾಗಿಲ್ಲ, ಎಂದು ಡಾಕ್ಟರ್ ಕೇಳಿದರು. ಬಾಗಿಲಿಗೆ ಬಂದು ನಿಂತಿದ್ದ ಪಟಾಲಮ್ಮ, 'ನಮ್ಮಜ್ಜಿ ಕಾಲದಿಂದ ಅಂತ ಬರೀ ಕಣಪ್ಪ,' ಎಂದಳು. ಅವನು ಪೆನ್ನು ತೆಗೆದುಕೊಂಡು ಹಾಳೆಯ ಕೆಳಗೆ ಜುಲೈ ಏಳು ಎಂದು ಬರೆದ. ಶ್ರೀಲತಾ ರಿಜಿಸ್ಟರ್ ಬಿಚ್ಚಿ ಆ ತಾರೀಖಿನ ಮೇಲೆ ಬೆರಳಿಟ್ಟು ಕೆಳಗೆ ಎಳೆಯತೊಡಗಿದಳು. ಹನ್ನೊಂದು ಜನ. ಎಲ್ಲರೂ ಮತ್ತೆ ಮೊದಲಿನಿಂದ ಹಾಕಿಸಿಕೊಳ್ಳಬೇಕು, ಇವತ್ತೇ, ತಡವಾದಷ್ಟೂ ಕಷ್ಟ, ಎಂದು ಡಾಕ್ಟರ್ ಟೇಬಲ್ಲಿನ ಫೋನನ್ನು ಹತ್ತಿರಕ್ಕೆ ಎಳೆದುಕೊಂಡು, ನೀವು ಹೊರಗಿರಿ, ಎಂದರು.

ಬೆಂಚಿನ ಮೇಲೆ ಕೂತ. ಒಳಗಿನಿಂದ ಮಾತು ಕೇಳುತ್ತಿತ್ತು: ಹಲೋ, ಲಕ್ಷ್ಮೀಪತಿ ಅವರಾ, ನಿಮ್ಮ ಮಗನ ವಿಷಯ. ಆಮೇಲೆ ಇನ್ನೊಂದು. ಮೂರನೆಯ ಸಲ ಅಂಕಿಗಳನ್ನು ಶ್ರೀಲತಾ ಒಂದೊಂದಾಗಿ ಓದಿ ಹೇಳುತ್ತಿದ್ದಳು. ಅವಳ ದನಿ ನಡುವೆ ತಡವರಿಸಿತು. ಅಷ್ಟು ಹೊತ್ತಿಗೆ ಡಾಕ್ಟರ್ ಒತ್ತಿ ಆಗಿತ್ತು. ನರಸಿಂಹರಾಜುವಿನ ಜೇಬಿನಲ್ಲಿ ಫೋನು ರಿಂಗಾಯಿತು. ಮದಲೂರಿನ ಆಚೆ ಇಟ್ಟಿಗೆ ಗೂಡಿನ ಹತ್ತಿರ, ಗಡಿಯಾಚೆಯಿಂದ ಬಂದ ತೆಲುಗು ಕೂಲಿಯವರು, ಎರಡು ವರ್ಷದ ಗಂಡುಮಗು, ಕಿವಿಯ ಹತ್ತಿರ ಕಡಿತ. ಫೋನ್ ಲೇದು ಸಾರ್ ಎಂದಿದ್ದಳು ತಾಯಿ. ನನ್ನ ನಂಬರೇ ಹಾಕ್ಕೊಳ್ಳಿ ಸಿಸ್ಟರ್, ನಾನು ಹೋಗಿ ಹೇಳ್ತೀನಿ, ಎಂದವನು ಅವನೇ. ನಿನ್ನೆ ಆ ದಾರಿಯಲ್ಲಿ ಬರುವಾಗ ಗೂಡು ಆರಿತ್ತು. ಗುಡಿಸಲುಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರಲಿಲ್ಲ, ಜನ ಎಲ್ಲಿಗೋ ಬಿಟ್ಟು ಹೋಗಿದ್ದರು. ಫೋನನ್ನು ಕಿವಿಗೆ ಹಿಡಿದ. ಬಾಗಿಲ ಒಳಗಿನಿಂದಲೂ ಕಿವಿಯ ಒಳಗಿನಿಂದಲೂ ಒಂದೇ ದನಿ ಬಂತು.

'ಹಲೋ, ಮಗುವಿನ ಕಡೆಯವರಾ?'

'ಹೌದು,' ಎಂದು ಎದ್ದು ನಿಂತ. 'ಹೇಳಿ ಮೇಡಂ.'